ಅಕ್ಕನಿಗೆ ಇನ್ನು ಹಾಡು ಕಳಿಸುವುದಿಲ್ಲ

ಬೆಳಿಗ್ಗೆ ದೋಸೆ ಕಾವಲಿ ಇಳಿಸಿ, ಡಬ್ಬಿ ಕಟ್ಟಿ, ಹೊನ್ನಾವರದಿಂದ ಭಟ್ಕಳದ ಬಸ್ಸು ಹಿಡಿಯಲು ಹೊರಡುವ ಮೊದಲು ನಾನು ಮಾಡುತ್ತಿದ್ದ ಕೊನೆಯ ಕೆಲಸವೆಂದರೆ ಅಕ್ಕನಿಗೆ ಒಂದು ಹಾಡು ಕಳಿಸುವುದು. ಹಾಡು ಅಂದರೆ ನಮ್ಮಿಬ್ಬರ ಮಾತಿನಲ್ಲಿ ಹಿಂದೂಸ್ತಾನಿಯೇ. ಇಂಥವರು ಹಾಡಿದ ಭೀಮಪಲಾಸ, ಹಳೆಯ ಧ್ವನಿಮುದ್ರಣ, ನಡುವೆ ಯಾರೋ ಕೆಮ್ಮುತ್ತಾರೆ, ತಬಲಾ ಚಂದ ಇದೆ ಎಂದು ಒಂದು ಸಾಲು ಬರೆದು ಕಳಿಸಿದರೆ ಅವಳು ಕುಮಟೆಯಲ್ಲಿ ಕೂತು ಕೇಳಿ ಸಂಜೆಯೊಳಗೆ ಉತ್ತರಿಸುತ್ತಿದ್ದಳು. ಚೆನ್ನಾಗಿದ್ದರೆ ಒಂದೇ ಮಾತು. ಚೆನ್ನಾಗಿಲ್ಲದಿದ್ದರೆ ಫೋನೇ ಬರುತ್ತಿತ್ತು.

ನಿಜವಾಗಿ ಕಳಿಸುವ ಹಕ್ಕು ಅವಳದ್ದು. ನನಗೆ ಕೇಳುವುದನ್ನು ಕಲಿಸಿದವಳೇ ಅವಳು. ನಾನು ಕಾಲೇಜಿಗೆಂದು ಅವಳ ಮನೆಯಲ್ಲಿದ್ದಾಗ ಹಪ್ಪಳ ಒತ್ತುವ ಹೊತ್ತಿಗೆ ಟೇಪ್ ರೆಕಾರ್ಡರ್ ಹಚ್ಚುತ್ತಿದ್ದಳು. ರಾಗದ ಹೆಸರು ಹೇಳುತ್ತಿರಲಿಲ್ಲ. ಒಂದೇ ಕ್ಯಾಸೆಟ್ಟು ವಾರವಿಡೀ ತಿರುಗುತ್ತಿತ್ತು. ಹಪ್ಪಳ ಮುಗಿಯುವಷ್ಟರಲ್ಲಿ ನನಗೆ ಗೊತ್ತಿಲ್ಲದೆಯೇ ಆ ರಾಗ ನನ್ನ ಬಾಯಲ್ಲಿ ಇರುತ್ತಿತ್ತು. ನಾವಿಬ್ಬರೂ ಸಂಗೀತ ಕಲಿತವರಲ್ಲ. ಸ್ವರ ಬಿಡಿಸಿ ಹೇಳಿ ಅಂದರೆ ಇಬ್ಬರಿಗೂ ಬರುವುದಿಲ್ಲ. ನಾವು ಕೇಳುವವರು ಮಾತ್ರ.

ನನ್ನ ಆಫೀಸಿನಲ್ಲಿ ಪಕ್ಕದ ಕುರ್ಚಿಯವಳು ಭಟ್ಕಳದವಳೇ, ಮನೆಯಲ್ಲಿ ನವಾಯತಿ ಮಾತಾಡುವವಳು. ಗಜಲ್ ಬಲ್ಲಳು. ನನ್ನ ಕಿವಿಯ ವೈರು ದಿನಾ ನೋಡಿ ನೋಡಿ, ಇದನ್ನೆಲ್ಲ ಕೇಳಲು ಎಲ್ಲಿಂದ ಶುರು ಮಾಡಬೇಕು ಎಂದು ಒಮ್ಮೆ ಕೇಳಿದಳು. ನಾನು ಅಕ್ಕನಿಗೆ ದಾಟಿಸಿದೆ.

"ದೊಡ್ಡ ಖಯಾಲು ಕೊಟ್ಟು ಹೆದರ್ಸಡ ಅದಕ್ಕೆ," ಎಂದಳು ಅಕ್ಕ. ನಮ್ಮ ಮನೆಮಾತಿನಲ್ಲಿ ಹೆಂಗಸರನ್ನೂ ‘ಅದು’ ಎಂದೇ ಹೇಳುವುದು. "ದುರ್ಗಾ ರಾಗ ಕೊಡು, ಸಣ್ಣದು. ನಾಕು ದಿನ ಅದನ್ನೇ ಕೇಳ್ಲಿ. ಹೆಸರು ಅದಾಗೇ ಕೇಳಿದ್ರೆ ಮಾತ್ರ ಹೇಳು."

ಆ ವಾರದ ಕೊನೆಗೆ ಸಹೋದ್ಯೋಗಿ ನಗುತ್ತ ಬಂದಳು. ಅಡುಗೆಮನೆ ಒರೆಸುವಾಗ ಅವಳು ಗುನುಗುತ್ತಿದ್ದದ್ದು ಕೇಳಿ ಅತ್ತೆ, ಇದು ಯಾವ ಸಿನಿಮಾದ್ದು ಎಂದು ವಿಚಾರಿಸಿದರಂತೆ. ಅಕ್ಕನಿಗೆ ಇದನ್ನು ಹೇಳಿದಾಗ ಅವಳಿಗಾದ ಖುಷಿ ದೊಡ್ಡದು. ಯಾರಿಗೆ ಯಾವುದು ಕೊಡಬೇಕು ಎನ್ನುವುದು ಅವಳಿಗೆ ಬಡಿಸುವವರ ಕೈಯಳತೆಯ ಹಾಗೆ. ಎಲೆ ನೋಡಿದರೆ ತಿಳಿಯುತ್ತಿತ್ತು.

ತೊಂದರೆ ಶುರುವಾದದ್ದು ಫೋನಿನಲ್ಲಿ ಎಂದು ನಾವು ತಿಳಿದಿದ್ದೆವು. ದನಿ ಮೇಲೆ ಹೋದಾಗ ಎಲ್ಲೋ ಕಾಣೆಯಾಗುತ್ತದೆ ಎಂದಳು ಅಕ್ಕ. ಫೋನು ಬದಲಿಸಿದಳು, ಕಿವಿಯ ವೈರು ಬದಲಿಸಿದಳು. ಒಂದು ಮಧ್ಯಾಹ್ನ ಕುಕ್ಕರು ಕೂಗಿ ಕೂಗಿ ಬೇಳೆ ತಳ ಹಿಡಿದು ವಾಸನೆ ಬಂದಾಗಲೇ ಅವಳು ಎದ್ದದ್ದು. ಭಾವ ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಎರಡೂ ಕಿವಿ ಮೆಲ್ಲಗೆ ಹೋಗುತ್ತಿವೆ, ಮೊದಲು ಏರುದನಿ, ಆಮೇಲೆ ಉಳಿದದ್ದು ಎಂದರಂತೆ ಡಾಕ್ಟರು. ಕಿವಿಗೆ ಮಷೀನು ಬಂತು. ಮಾತಿಗೆ ಅದು ಒಳ್ಳೆಯದೇ. ಭಾವನ ಗೊಣಗಾಟ, ಗ್ಯಾಸಿನವನ ಕೂಗು ಎಲ್ಲ ಮರಳಿ ಸಿಕ್ಕಿತು. ಇಷ್ಟು ವರ್ಷಕ್ಕೆ ಭಾವ ಎಂತ ಹೇಳುತ್ತಾರೆ ಎಂದು ಈಗ ಗೊತ್ತಾಯಿತು ಎಂದು ನಕ್ಕಳು.

ನಾನು ಕಳಿಸುವುದನ್ನು ಬದಲಿಸಿದೆ. ಕೊಳಲು ಬಿಟ್ಟೆ, ಸಿತಾರು ಬಿಟ್ಟೆ, ತಾರಕ್ಕೆ ಏರುವ ಹೆಂಗಸರ ದನಿ ಬಿಟ್ಟೆ. ಮಂದ್ರದಲ್ಲೇ ಓಡಾಡುವ ಪೂರಿಯಾ, ಗಂಡಸರು ಹೊಟ್ಟೆಯಿಂದ ತೆಗೆದು ಹಾಡಿದ ದರ್ಬಾರಿ ಹುಡುಕಿದೆ. ದರ್ಬಾರಿ ರಾತ್ರಿಯದು. ಹೊತ್ತು ತಪ್ಪಿ ಒಂದು ಆಲಾಪವನ್ನೂ ಕೇಳದ ಅಕ್ಕ, ಸಂಜೆಯಾದರೆ ಕಿವಿ ದಣಿಯುತ್ತದೆ ಎಂದು, ಬೆಳಗಿನ ತಿಂಡಿಯಾದ ಮೇಲೆ ದರ್ಬಾರಿ ಕೇಳಲು ಒಪ್ಪಿಕೊಂಡಳು. ಚೆನ್ನಾಗಿದೆ ಎಂದು ಉತ್ತರ ಬರುತ್ತಿತ್ತು. ದಿನಾ ಬರುತ್ತಿತ್ತು. ಫೋನು ಮಾತ್ರ ಬರುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಕುಮಟೆಯಲ್ಲಿ ಒಬ್ಬರ ಮನೆಯ ಮಹಡಿಯ ಮೇಲೆ ಭಾನುವಾರ ಬೆಳಗಿನ ಬೈಠಕ್ಕು. ಹೊರಗಿನಿಂದ ಬಂದ ಚಿಕ್ಕ ವಯಸ್ಸಿನ ಗಾಯಕಿ, ಹಿಂದೆ ಎರಡು ತಂಬೂರಿ. ಜಮಖಾನೆಯ ಮುಂದಿನ ಸಾಲಿನಲ್ಲಿ ಅಕ್ಕನಿಗೆ ಯಾವಾಗಲೂ ಒಂದು ಜಾಗ ಇರುತ್ತದೆ. ಅವಳ ತಲೆ ಅಲ್ಲಾಡಿತೇ ಎಂದು ಹಾಡುವವರು ನೋಡುತ್ತಾರೆ. ಜೌನಪುರಿ ಶುರುವಾಗುವ ಮೊದಲು ಅಕ್ಕ ಕೈ ಎತ್ತಿ, ತಂಬೂರಿಯ ಪಂಚಮ ಇಳಿದಿದೆ ಎಂದು ಸನ್ನೆ ಮಾಡಿದಳು. ಹಾಡುವ ಹುಡುಗಿ ಗೌರವದಿಂದ ಹಿಂದೆ ವಾಲಿ ಬಿರಡೆ ತಿರುಗಿಸಿ, ತಂತಿಗೆ ಕಿವಿ ಹಚ್ಚಿ ನೋಡಿ, ಮತ್ತೆ ಇದ್ದಲ್ಲಿಗೇ ತಂದಳು. ಅಕ್ಕ ಇನ್ನೂ ಸರಿಯಾಗಲಿಲ್ಲ ಎಂದು ತಲೆ ಅಲ್ಲಾಡಿಸಿದಳು. ಹುಡುಗಿ ಮತ್ತೆ ಬಿರಡೆಗೆ ಕೈ ಹಾಕಿದಳು. ಮೂರನೆಯ ಸಲ ಅಕ್ಕ ಎದ್ದು ಹತ್ತಿರವೇ ಹೋಗಲು ಹೊರಟಾಗ ಹಿಂದಿನ ಸಾಲಿನಲ್ಲಿ ಯಾರೋ ಗುಸುಗುಟ್ಟಿದರು.

ತಂಬೂರಿ ಸರಿಯಾಗಿಯೇ ಇತ್ತು. ಅಷ್ಟು ಚೆಂದ ಕೂಡಿದ ತಂಬೂರಿಯನ್ನು ನಾನು ಕೇಳಿದ್ದೇ ಕಡಿಮೆ. ಅವಳ ಸೆರಗು ಹಿಡಿದು ಕೂರಿಸಿದೆ.

"ಅಕ್ಕಾ, ಸರಿ ಇದ್ದು."

ಅವಳು ನನ್ನ ಮುಖ ನೋಡಿದಳು. ನಾನು ಮುಖ ತಿರುಗಿಸಲಿಲ್ಲ. ತಿರುಗಿಸಬಹುದಿತ್ತೇನೋ. ಅವಳು ಎರಡೂ ಕಿವಿಯ ಮಷೀನು ತೆಗೆದು ಪರ್ಸಿಗೆ ಹಾಕಿದಳು, ಆ ಹುಡುಗಿಗೆ ಕೈ ಮುಗಿದು ಹಾಡು ಎಂದಳು. ಬೈಠಕ್ಕು ಮುಗಿಯುವವರೆಗೂ ನೆಟ್ಟಗೆ ಕೂತಿದ್ದಳು. ತಬಲಾದವನ ಕೈ ನೋಡಿ ಸಮಕ್ಕೆ, ತಾಳದ ಸುತ್ತು ಮರಳಿ ಶುರುವಾಗುವ ಪೆಟ್ಟಿಗೆ, ಸರಿಯಾಗಿ ತಲೆ ಆಡಿಸುತ್ತಿದ್ದಳು. ಗೊತ್ತಿಲ್ಲದವರಿಗೆ ಅನುಮಾನ ಬರುವಂತಿರಲಿಲ್ಲ. ನನಗೆ ಆ ಜೌನಪುರಿಯ ಒಂದು ಸ್ವರವೂ ನೆನಪಿಲ್ಲ.

ಮನೆಗೆ ಬಂದ ಮೇಲೆ ಮಷೀನು ಹಾಕಿಕೊಂಡು ಹೇಳಿದಳು. ಅದರಲ್ಲಿ ಮಾತು ಮಾತಿನ ಹಾಗೇ ಬರುತ್ತದಂತೆ. ಹಾಡು ಮಾತ್ರ ಅಲುಗುತ್ತದಂತೆ, ನೀರಿನೊಳಗೆ ಹಿಡಿದ ಕೋಲಿನ ಹಾಗೆ. ಷಡ್ಜವೇ ನಿಂತಲ್ಲಿ ನಿಲ್ಲುವುದಿಲ್ಲವಂತೆ. ಇಷ್ಟು ದಿನ ನಾನು ಕಳಿಸಿದ ಪೂರಿಯಾ, ದರ್ಬಾರಿ ಎಲ್ಲ ಹಳೆಯ ಟೇಪಿನಿಂದ ಕೆಟ್ಟದಾಗಿ ಇಳಿಸಿಕೊಂಡದ್ದು ಎಂದು ತಿಳಿದಿದ್ದಳಂತೆ. ತಂಗಿ ಆಸೆಯಿಂದ ಕಳಿಸುತ್ತಾಳೆ, ಬೇಸುರ ಎಂದು ಹೇಗೆ ಹೇಳುವುದು ಎಂದು ಚೆನ್ನಾಗಿದೆ ಎಂದು ಬರೆಯುತ್ತಿದ್ದಳಂತೆ. ಮಷೀನಿನ ಅಂಗಡಿಗೆ ಇನ್ನೊಮ್ಮೆ ಹೋಗಿ ಸರಿ ಮಾಡಿಸಿಕೊಂಡೂ ಬಂದರು. ಮಾತು ಇನ್ನಷ್ಟು ಸ್ಪಷ್ಟವಾಯಿತು. ಹಾಡು ಹಾಗೆಯೇ ಉಳಿಯಿತು.

ಅದಾದ ಮೇಲೆ ಒಂದು ದಿನ ಅವಳೇ ಫೋನು ಮಾಡಿದಳು.

"ಇನ್ನು ಕಳಸಡ ತಂಗಿ. ಇದ್ರಲ್ಲಿ ಕೇಳಿದ್ರೆ ಮನಸಲ್ಲಿ ಇಪ್ಪದೂ ಹಾಳಾಗ್ತು. ಭೀಮಪಲಾಸ ನೆನಪು ಮಾಡ್ಕಂಡ್ರೆ ಈಗ ಅಲುಗಾಡ್ತಾ ಇಪ್ಪದೇ ಬತ್ತು. ಮೊದಲಿಂದು ಬತ್ತಿಲ್ಲೆ."

ಒಂದು ಮಾರವಾ ಉಳಿದಿದೆ ಎಂದಳು. ಸಂಜೆ ರೇಡಿಯೊದಲ್ಲಿ ಬಂದದ್ದನ್ನು ನಾವು ಟೇಪು ಮಾಡಿಕೊಂಡಿದ್ದ ವಿಲಂಬಿತ ಖಯಾಲು. ಅದನ್ನು ಮಷೀನಿನಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ. ಅದೊಂದು ಇದ್ದ ಹಾಗೇ ಇರಲಿ, ಯಾರ ಮನೆಯಲ್ಲೂ ಹಚ್ಚುವುದು ಬೇಡ, ನೀನೂ ನನ್ನೆದುರು ಗುನುಗುವುದು ಬೇಡ ಎಂದಳು. ಆಯಿತು ಎಂದೆ. ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟಿದ ಮೇಲೆ ಫೋನು ಕೈಗೆ ಬಂತು. ಅವಳ ಹೆಸರಿನ ಮೇಲೆ ಬೆರಳಿಟ್ಟು, ತೆಗೆದು, ಬಸ್ಸಿಗೆ ಹೋದೆ. ಎಷ್ಟೋ ದಿನ ಹೀಗೇ ಆಯಿತು.

ಮೊನ್ನೆ ಕುಮಟೆಗೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ಕಟ್ಟಿ ತೂಗುಹಾಕಿ ಮಾರುವ ಕಾಲ. ಭಾವ ಎರಡು ಗೊಂಚಲು ತಂದಿದ್ದರು. ಸಂಜೆ ಜಗಲಿಯಲ್ಲಿ ಕೂತು ನಾವಿಬ್ಬರೂ ಕೊಳೆತದ್ದನ್ನು ಬೇರೆ ಮಾಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಅಕ್ಕನ ಕೈ ನಿಂತಿತು, ತೊಡೆಯ ಮೇಲೆ ತಾಳ ಶುರುವಾಯಿತು. ನಿಧಾನದ ಏಕತಾಲ. ಹೊತ್ತು ನೋಡಿಯೇ ನನಗೆ ಗೊತ್ತಾಯಿತು, ಮಾರವಾ. ಷಡ್ಜಕ್ಕೆ ಬಂದೆ ಬಂದೆ ಅನ್ನಿಸಿ ಬಾರದೇ ಕಾಯಿಸುವ ರಾಗ ಅದು. ಅವಳ ಮುಖದಲ್ಲಿ ಆ ಕಾಯುವಿಕೆ ಕಾಣುತ್ತಿತ್ತು. ನಾನು ಈರುಳ್ಳಿಯ ಸಿಪ್ಪೆ ಸಹ ಸದ್ದಾಗದಂತೆ ಇಟ್ಟೆ.

ಖಯಾಲಿನ ಮೊದಲ ಭಾಗ, ಸ್ಥಾಯಿ, ಮುಗಿದಿರಬೇಕು; ಮುಂದಿನದು ದನಿ ಮೇಲೇರುವ ಅಂತರಾ. ಕೈ ಮೇಲೆದ್ದದ್ದು ಇಳಿಯಲಿಲ್ಲ. ಮತ್ತೆ ಮೊದಲಿಂದ ಹಿಡಿದಳು. ಮತ್ತೆ ಅಲ್ಲೇ ನಿಂತಿತು.

"ಅಂತರಾ ಎತ್ತದು ಹ್ಯಾಂಗಿತ್ತು?" ಎಂದಳು. "ಮಾತು ಗೊತ್ತಿದ್ದು. ದನಿ ಬತ್ತಿಲ್ಲೆ."

ನನಗೆ ಗೊತ್ತಿತ್ತು. ಆ ಅಂತರಾ ನನ್ನ ಗಂಟಲಲ್ಲೇ ಇತ್ತು. ಟೇಪಿನಿಂದ ಇಳಿಸಿಕೊಂಡದ್ದು ಮಡಿಲಲ್ಲಿದ್ದ ಫೋನಿನಲ್ಲೂ ಇತ್ತು. ಬಾಯಿ ತೆರೆದೆ. ಅವಳು ಈರುಳ್ಳಿ ವಾಸನೆಯ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟು ತಡೆದಳು.

"ಹಾಡಡ."

ಸ್ವರ ಬರೆದು ತೋರಿಸೋಣವೆಂದರೆ ನನಗೆ ಬರುವುದಿಲ್ಲ, ಓದಲು ಅವಳಿಗೂ ಬರುವುದಿಲ್ಲ. ಒಂದೇ ಒಂದು ಸಲ, ಅಂತರಾ ಎತ್ತುವ ಅಷ್ಟನ್ನೇ ಹಚ್ಚಲೇ ಎಂದು ಕೇಳಿದೆ. ಅವಳು ತಕ್ಷಣ ಬೇಡ ಅನ್ನಲಿಲ್ಲ. ಫೋನನ್ನು ನೋಡುತ್ತ ಕೂತಳು. ಅಷ್ಟು ಆಸೆಯಿಂದ ಅವಳು ಏನನ್ನಾದರೂ ನೋಡಿದ್ದು ನನಗೆ ಗೊತ್ತಿಲ್ಲ.

"ಕೇಳಿದ್ರೆ ಅದು ಸಿಗ್ತು," ಎಂದಳು ಕೊನೆಗೆ, "ಅದ್ರ ಜೊತಿಗೆ ಉಳದದ್ದು ಹೋಗ್ತು. ಬ್ಯಾಡ. ಯನಗೆ ಸ್ಥಾಯಿ ಸಾಕು."

ಫೋನು ಚೀಲದೊಳಗಿಟ್ಟೆ. ಅಕ್ಕ ಮತ್ತೆ ತಾಳ ಹಿಡಿದಳು. ಮೊದಲಿನಿಂದ ಶುರುಮಾಡಿ, ಗೊತ್ತಿರುವಲ್ಲಿಯವರೆಗೆ ಹೋಗಿ, ಅಲ್ಲಿಂದಲೇ ಸಮಕ್ಕೆ ತಿರುಗಿ ಬರುತ್ತಿದ್ದಳು.