ಬೆನ್ನು ಕೊಟ್ಟು ಗುಡ್ಡ ಹತ್ತಿದ ಅಕ್ಕ

“ಲಗೂ ಬಾ ಅಕ್ಕಾ, ಹೊತ್ತು ಹುಟ್ಟಿಬಿಡತೈತಿ!” ಕುರುಗೋಡಿನ ಗುಡ್ಡದ ಮೇಲಿಂದ ಕೂಗಿದೆ. ಕೆಳಗೆ ಅಕ್ಕ ಗುಡ್ಡಕ್ಕೆ ಬೆನ್ನು ಕೊಟ್ಟು ಕುಳಿತು, ಕೈಯೂರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರುತ್ತಿದ್ದಳು. ಕೆಸರಿನಲ್ಲಿ ಬಾಗಿ ಭತ್ತದ ನಾಟಿ ಮಾಡಿ ಮಾಡಿ ಅವಳ ಮಂಡಿ ಸೋತಿತ್ತು.

ಮಂಡಿ ಗಟ್ಟಿಯಿದ್ದಾಗಲೇ, ತಾನು ನಾಟಿ ಮಾಡಿದ ಗದ್ದೆಗಳನ್ನು ಒಮ್ಮೆ ಮೇಲಿನಿಂದ ನೋಡಬೇಕು ಎನ್ನುತ್ತಿದ್ದಳು. ನಾನು ಗೆಳೆಯರ ಜೊತೆ ಬಂದು ಹೋಗಿ, ಮೊಬೈಲಿನಲ್ಲಿ ಫೋಟೊ ತೋರಿಸಿ ಸುಮ್ಮನಾಗುತ್ತಿದ್ದೆ. “ಇದರಾಗ ನೀರು ಅಲ್ಲಾಡಂಗಿಲ್ಲಲೇ,” ಎಂದು ನಗುತ್ತಿದ್ದಳು.

ನಾಚಿಕೆಯಾಗಿ ಕೆಳಗಿಳಿದು ಬಂದು, ಅವಳ ಎದುರಿಗೆ ನಿಂತು ಎತ್ತಿಕೊಳ್ಳಲು ಕೈ ಚಾಚಿದೆ.

“ಬಿಡಲೇ ತಮ್ಮಾ. ನಾಟಿ ಹಚ್ಚೋರಿಗೆ ಸಸಿ ಊರಕೋಂತ ಹಿಂದಕ್ಕ ಹೋಗೋದು ರೂಢಿ ಐತಿ. ನೀ ಅಡ್ಡ ನಿಂದರಬ್ಯಾಡ, ಸರಿ.”

ಸರಿದು, ತಿರುಗಿ ನೋಡಿದೆ. ಕಾಲುವೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳಲ್ಲಿ ಒಂದಾದ ಮೇಲೊಂದರಂತೆ ಸೂರ್ಯ ಮೂಡುತ್ತಿದ್ದ. ಎಳೆಯ ಸಸಿಗಳು ಬೆಳಕಿನ ಮೇಲೆ ತೇಲುತ್ತಿರುವಂತಿತ್ತು. ಗಾಳಿ ಬೀಸಿ ನೀರೆಲ್ಲ ಅಲ್ಲಾಡಿತು. ಅಕ್ಕ ಏರುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

ನಾವು ತುದಿಗೆ ಹೋಗಲಿಲ್ಲ. ಅವಳ ಕೆಳಗಿನ ಮೆಟ್ಟಿಲಲ್ಲೇ ಕುಳಿತೆ. ಇಂದಿಗೂ ಕಣ್ಣು ಮುಚ್ಚಿದರೆ ಆ ಗದ್ದೆಗಳು ಹೊಳೆಯುತ್ತವೆ. ಆದರೆ ಅವುಗಳಿಗಿಂತ ಮೊದಲು, ಕಲ್ಲಿಗೆ ಒತ್ತಿ ಕೆಂಪಾಗಿದ್ದ ಅಕ್ಕನ ಅಂಗೈಗಳು ಕಾಣುತ್ತವೆ.