ಎಡಕ್ಕೇ ಬೀಳುತ್ತಿದ್ದ ಹೂವು

ನಿವೃತ್ತರಾಗಿ ವರ್ಷಗಳು ಕಳೆದಿದ್ದರೂ ಅವರ ಬಲಗೈ ಹೆಬ್ಬೆರಳಿನ ಸಂದಿನಲ್ಲಿ ಸೀಮೆಸುಣ್ಣದ ಬಿಳುಪು ಮಾಸಿರಲಿಲ್ಲ. ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆ ಆ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರದು, ಮೇಲಿನದು ಸಂಸ್ಕೃತ ಕಲಿಸಿ ಬದುಕಿದ ನನ್ನದು. ಲೋಕಲ್ ರೈಲು ತಡವಾದರೂ, ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಅವರದು ಒಂದೇ ಮಾತು: “ಒಂದು ಸಲಕ್ಕೆ ಏನೂ ಹೇಳಲಿಕ್ಕಾಗುವುದಿಲ್ಲ.”

ನನ್ನ ಕಣ್ಣುಗಳಿಗೆ ಪೊರೆ ಬಂದು ಅಕ್ಷರಗಳು ಮಂಜಾದಾಗ ವೈದ್ಯರು ಶಸ್ತ್ರಚಿಕಿತ್ಸೆಗೆ ಅವಸರಪಡಿಸಿದರು. ನಾನು ಕುಲದೇವರಲ್ಲಿ ಹೂವಿನ ಪ್ರಸಾದ ಕೇಳಿದೆ. ವಿಗ್ರಹದ ಮುಡಿಯಲ್ಲಿರಿಸಿದ ಹೂವು ದೇವರ ಬಲಕ್ಕೆ ಬಿದ್ದರೆ ಸಮ್ಮತಿ, ಎಡಕ್ಕೆ ಬಿದ್ದರೆ ನಿಷೇಧ. ಎಡಕ್ಕೆ ಬಿತ್ತೆಂದು ನನ್ನಾಕೆ ನೋಡಿ ಹೇಳಿದಳು. ಮುಂದಿನ ಏಕಾದಶಿಗೂ ಎಡಕ್ಕೇ. ನಾನು ತಲೆಬಾಗಿ ಶಸ್ತ್ರಚಿಕಿತ್ಸೆಯ ಯೋಚನೆಯನ್ನೇ ಕೈಬಿಟ್ಟೆ.

“ಭಟ್ರೇ, ಕಣ್ಣು ಹೋಗುತ್ತದೆ” ಎನ್ನುತ್ತ ಪ್ರಾಧ್ಯಾಪಕರು ಮೆಟ್ಟಿಲೇರಿ ಬಂದರು.

“ದೇವರನ್ನು ಪರೀಕ್ಷಿಸುವುದು ಅಪಚಾರ.”

“ದೇವರನ್ನು ಯಾರು ಪರೀಕ್ಷೆ ಮಾಡುವುದು ಮಾರಾಯ್ರೆ? ಹೂವನ್ನು ಮಾಡುವಾ.”

ಪೀಠದ ಪಕ್ಕದಲ್ಲೊಂದು ತೆಂಗಿನಕಾಯಿ ನಿಲ್ಲಿಸಿ, ರಂಗೋಲಿಯಲ್ಲಿ ಸೊನ್ನೆಯಿಂದ ಹತ್ತರವರೆಗೆ ಮನೆಗಳನ್ನು ಬರೆದರು. ಕಾಯಿಯ ನೆತ್ತಿಯಿಂದ ಹತ್ತು ಹೂವು ಬಿದ್ದರೆ ಒಂದು ಸರದಿ. ಎಷ್ಟು ಬಲಕ್ಕೆ ಬಿದ್ದವೋ ಆ ಮನೆಯ ಸಾಲಿಗೆ ಒಂದು ಕಡಲೆಕಾಳು. ಮೊದಮೊದಲು ಕಾಳುಗಳು ದಿಕ್ಕೆಟ್ಟವರಂತೆ ಚದುರಿದವು. ಮಧ್ಯಾಹ್ನದ ಹೊತ್ತಿಗೆ ಪೂಜೆಯ ಗಂಟೆಯ ಆಕಾರ ತಳೆದವು.

“ಪ್ರೊಫೆಸರ್ರೇ, ಆ ಕಡಲೆ ನಾಳೆಯ ಗಸಿಗೆ ಇಟ್ಟದ್ದು” ಎಂದಳು ನನ್ನಾಕೆ.

“ಸ್ವಲ್ಪ ತಡೀರಿ ಅಕ್ಕ, ಲಿಮಿಟ್ ಹತ್ತಿರ ಬಂದಿದೆ.” ನನ್ನತ್ತ ತಿರುಗಿದರು. “ಒಂದು ಹೂವು ಎತ್ತ ಬೀಳುತ್ತದೆ ಅಂತ ನನಗೆ ಗೊತ್ತಿಲ್ಲ. ಸರದಿ ಹೆಚ್ಚಿದ ಹಾಗೆ ಕಾಳುಗಳು ಒಂದೇ ಆಕಾರದ ಹತ್ತಿರ ಹೋಗುತ್ತವೆ. ಸರದಿಗೆ ಹೂವೂ ಹೆಚ್ಚಿದರೆ ಗಂಟೆ ಇನ್ನೂ ನುಣುಪು. ಆದರೆ ಎಡಬಲ ಸಮ ಇದ್ದರೆ ಇದರ ನೆತ್ತಿ ಐದರಲ್ಲಿ ಇರಬೇಕಿತ್ತು ಭಟ್ರೇ. ಮೂರರಲ್ಲಿ ಯಾಕೆ?”

ದೇವರ ಬಲಗಡೆ ಟೇಬಲ್ ಫ್ಯಾನು ತಿರುಗುತ್ತಿತ್ತು. ಸೆಖೆಗೆ ದೇವರಿಗೂ ಗಾಳಿಯಾಗಲೆಂದು ನಾನೇ ಇರಿಸಿದ್ದು.

“ನಿಷೇಧ ಫ್ಯಾನಿನದ್ದು. ಬಂದ್ ಮಾಡಿ ಕೇಳಿ.”

ಮತ್ತೆ ಸ್ನಾನ ಮಾಡಿ, ಫ್ಯಾನು ನಿಲ್ಲಿಸಿ, ದೇವರಿಗೆ ಹೂವು ಮುಡಿಸಿ ಭಕ್ತಿಯಿಂದ ಕೇಳಿದೆ. ಹೂವು ಅಲುಗಲೇ ಇಲ್ಲ. ಬೆವರುತ್ತ ಕುಳಿತೆವು. ಕೊನೆಗೆ ಅವರು ಕೈಮುಗಿದು, “‘ಡಾಕ್ಟರು ಹೇಳಿದ ಮೇಲೂ ನನ್ನನ್ನು ಯಾಕೆ ಕೇಳುವುದು’ ಅಂತ ದೇವರಿಗೆ ಇರಬಹುದು” ಎಂದರು. ನಾನು ನಕ್ಕ ರಭಸಕ್ಕೋ ಏನೋ, ಹೂವು ಬಿತ್ತು. ಎತ್ತ ಬಿತ್ತೆಂದು ನನಗೆ ಕಾಣಲಿಲ್ಲ.

“ಬಲಕ್ಕೆ” ಎಂದರು ಅವರು. ನನ್ನಾಕೆ ಏಕೋ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ವಾರವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ.

ಕಳೆದ ಮಾಘದಲ್ಲಿ ಅವರು ತೀರಿಕೊಂಡರು. ಅವರ ತಲೆದೆಸೆಯಲ್ಲಿ ಕುಳಿತು, ಸಣ್ಣಕ್ಷರದ ಸ್ತೋತ್ರವನ್ನು ಆದ್ಯಂತ ಓದಿದವನು ನಾನು. ಒಂದಕ್ಷರವೂ ತಪ್ಪಲಿಲ್ಲ.