ಸಮೀವುಲ್ಲಾ ಸೌದೆಗೆ ಹಾಕಿದ ಬಾಗಿಲು

ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಮರದ ನೆಲಹಾಸಿನ ಹಲಗೆಗಳನ್ನು ದರ್ಜೆ ನೋಡಿ ಆರಿಸುವುದು ನನ್ನ ಕೆಲಸ. ನನ್ನ ಹೆಸರು ರಾಧಾಮಣಿ. ಬಾಯಿ ಜೋರು ಅನ್ನುತ್ತಾರೆ, ಅನ್ನಲಿ. ಚನ್ನಪಟ್ಟಣದ ಸಮೀವುಲ್ಲಾ ನನ್ನ ಮೇಜಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ನನ್ನಿಂದ ಬೈಸಿಕೊಂಡರು. ಗಂಟಿದ್ದ ತೇಗದ ಹಲಗೆಗಳನ್ನೆಲ್ಲ ಸೌದೆ ರಾಶಿಗೆ ಎಸೆದಿದ್ದರು!

“ಅಯ್ಯೋ, ಏನಣ್ಣಾ ಮಾಡ್ಬುಟ್ಟೆ?”

“ಗಂಟು ಐತಲ್ಲಮ್ಮಾ. ಗಂಟಿನ ಮರ ಒಲೆಗೇ ತಾನೆ?”

ಅವರದು ಬೊಂಬೆ ಮಾಡುವ ಮನೆತನ. ತಿರುಗುವ ಮರಕ್ಕೆ ಉಳಿ ಹಿಡಿದಾಗ ಗಂಟು ಸಿಕ್ಕರೆ ಬೊಂಬೆಯೇ ಸೀಳುತ್ತದೆ. ಆ ಅಭ್ಯಾಸ ಕೈ ಬಿಟ್ಟಿರಲಿಲ್ಲ. ಕೂರಿಸಿಕೊಂಡು ಹೇಳಿದೆ: ನಮ್ಮ ಹಲಗೆಯಲ್ಲಿ ತೇಗ ಮೇಲಿನ ತೆಳು ಪದರ ಮಾತ್ರ, ಅಡಿಯಲ್ಲಿ ಪ್ಲೈವುಡ್. ಗಂಟಿಲ್ಲದೆ ಒಂದೇ ಬಣ್ಣವಿದ್ದರೆ ಮೊದಲ ದರ್ಜೆ. ಗಂಟಿದ್ದರೆ ಕೆಳಗಿನ ದರ್ಜೆ, ಆದರೆ ಗಟ್ಟಿ ಗಂಟಿನಿಂದ ಬಾಳಿಕೆಗೆ ಏನೂ ಕೊರತೆಯಿಲ್ಲ. ಸಡಿಲ ಗಂಟು ಮಾತ್ರ ಉದುರಿ ಗುಂಡಿ ಬೀಳುತ್ತದೆ.

ಅವರ ಮುಖ ಬಾಡಿತು. “ಹಂಗಾದ್ರೆ ಮನೇಲೂ ಎಡವಟ್ಟು ಮಾಡ್ಬುಟ್ಟಿದ್ದೀನಿ ಕಣಮ್ಮಾ.”

ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ತಂದೆಯ ಬೊಂಬೆ ಅಂಗಡಿಯ ಬಾಗಿಲನ್ನೂ ಗಂಟು ಜಾಸ್ತಿಯೆಂದು ಸೌದೆಗೆ ಹಾಕಿದ್ದರಂತೆ. ತಾಯಿ ಅಕ್ಬರಿ ಬೇಗಂ ಮದುವೆಯಾಗಿ ಬಂದಾಗಿನಿಂದ ಆ ಬಾಗಿಲಿಗೆ ಒರಗಿ ಕುಳಿತೇ ಬೊಂಬೆಗಳಿಗೆ ಕಣ್ಣು ಬರೆದವರು. ಸಿಟ್ಟಾಗಿ ಮಾಗಡಿಯ ಮಗಳ ಮನೆಗೆ ಹೋಗಿಬಿಟ್ಟರು. ಹೊಸ ಮನೆಯಲ್ಲಿ ಒಂದು ರಾತ್ರಿಯೂ ಇರಲಾರೆ ಎಂದರಂತೆ. ಅಮ್ಮನಿಲ್ಲದ ಮನೆಯಲ್ಲಿ ಸಮೀವುಲ್ಲಾಗೆ ಅನ್ನ ಇಳಿಯುತ್ತಿರಲಿಲ್ಲ.

ಆ ಬಾಗಿಲನ್ನು ನಾನೂ ಬಲ್ಲೆ. ಚಿಕ್ಕಂದಿನಲ್ಲಿ ಕೆಂಗಲ್ ಹನುಮಂತರಾಯನಿಗೆ ಕೈಮುಗಿದು ಬರುವಾಗ ನಮ್ಮಪ್ಪ ಆ ಅಂಗಡಿಯಲ್ಲೇ ನನಗೆ ಗಿಲಕಿ ಕೊಡಿಸಿದ್ದ. ಒಳಗಿನಿಂದ ಬೊಂಬೆಗೆ ಹಚ್ಚುವ ಬಿಸಿ ಅರಗಿನ ವಾಸನೆ ಬರುತ್ತಿತ್ತು. ನೆನೆದರೆ ಈಗಲೂ ಕಣ್ಣು ತುಂಬುತ್ತದೆ, ಸುಳ್ಳೇಕೆ ಹೇಳಲಿ.

“ಬಾಗಿಲನ್ನ ಉರಿಸಿಬುಟ್ಯಾ?” ಅಂದೆ.

“ಇಲ್ಲ, ಹಿತ್ತಲಲ್ಲೇ ಐತೆ.”

“ಮತ್ತೆ ನನ್ನ ಮುಖ ಏನ್ ನೋಡ್ತೀಯ? ತಗೊಂಡ್ ಬಾ!”

ಮಳೆಗೆ ನೆನೆದು ಸೊಟ್ಟಗಾಗಿತ್ತು, ಮತ್ತೆ ಬಾಗಿಲಾಗುವಂತಿರಲಿಲ್ಲ. ಕಾರ್ಖಾನೆಯ ಸಾಹುಕಾರರನ್ನು ಕೇಳಿಕೊಂಡು, ಒಣಗಿಸಿ, ತೆಳುವಾಗಿ ಸೀಳಿ, ಪ್ಲೈವುಡ್ ಮೇಲೆ ಅಂಟಿಸಿದೆವು. ಅವರ ಅಮ್ಮನ ಕೋಣೆಗೆ ನೆಲವಾಗುವಷ್ಟು ಹಲಗೆ ಸಿಕ್ಕಿತು. ಒಂದರಲ್ಲಿ ಮಾತ್ರ ದೊಡ್ಡ ಗಂಟು ಉದುರಿ ತೂತಾಯಿತು.

“ಅದನ್ನ ಬುಟ್ಬುಡಣ್ಣಾ, ನಿಮ್ಮಮ್ಮನ ಕಾಲಿಗೆ ತಗುಲ್ತದೆ,” ಅಂದೆ.

ಬಿಡಲಿಲ್ಲ ಪುಣ್ಯಾತ್ಮ. ತಮ್ಮ ತಂದೆ ತೀರಿಕೊಂಡ ಮೇಲೆ ಮುಟ್ಟದಿದ್ದ, ಬೊಂಬೆ ಕಡೆಯುವ ಲೇತಿನ ಧೂಳು ಒರೆಸಿ, ಬೊಂಬೆಗೆ ಬಳಸುವ ಆಲೆ ಮರದ ಬಿಲ್ಲೆಯೊಂದನ್ನು ಕಡೆದು, ಕೆಂಪು ಅರಗು ಹಚ್ಚಿ ಆ ತೂತಿಗೆ ಕೂರಿಸಿದರು.

ಒಂದೇ ಒಂದು ಸಲ ನೋಡಿಹೋಗು ಎಂದು ಗೋಗರೆದು ತಾಯಿಯನ್ನು ಕರೆತಂದ ದಿನ ನಾನೂ ಹೋಗಿದ್ದೆ. ಅಕ್ಬರಿ ಬೇಗಂ ಹೊಸ ನೆಲದ ಮೇಲೆ ಬರಿಗಾಲಲ್ಲಿ ಮೆಲ್ಲಗೆ ನಡೆದರು. ಪ್ರತಿ ಗಂಟಿನ ಮುಂದೆಯೂ ನಿಂತರು. ಕೆಂಪು ಬಿಲ್ಲೆಯ ಹತ್ತಿರ ಕುಳಿತು ಬೆರಳಾಡಿಸಿದರು.

“ಇದು ಬಾಗಿಲಲ್ಲಿ ಇರ್ಲಿಲ್ಲ. ಯಾರು ಮಾಡಿದ್ದು?”

“ನಾನು, ಅಮ್ಮೀ.”

“ಅರಗು ಒಸಿ ದಪ್ಪ ಆಗೈತೆ.”

ಸಮೀವುಲ್ಲಾ ತಲೆ ತಗ್ಗಿಸಿದರು. ನನಗೋ, ಈ ಅಜ್ಜಿಗೆ ಏನು ಮಾಡಿದರೂ ಸಾಲದಲ್ಲಪ್ಪಾ ಎಂದು ಸಿಟ್ಟು ಬಂತು.

“ನಿಮ್ಮಪ್ಪನೂ ಹಿಂಗೇ ದಪ್ಪ ಹಚ್ಚೋರು,” ಎಂದು ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿದರು. ಆಮೇಲೆ ಅಡುಗೆಮನೆಯಲ್ಲಿದ್ದ ಸೊಸೆಯನ್ನು ಕೂಗಿದರು: “ಮುನವ್ವರಾ, ಮಾಗಡಿಯಿಂದ ನನ್ನ ಬಟ್ಟೆ ಪೆಟ್ಟಿಗೆ ತರಿಸಮ್ಮಾ.”